ನಿಯಮಗಿರಿಯ ಹನ್ನೆರಡು ಸಭೆಗಳು

‘ಸಭೆ’ ಎಂಬ ಶಬ್ದವು ತರಗತಿಯಲ್ಲಿ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುತ್ತಿದ್ದುದು ಮಹಾಭಾರತದ ದ್ಯೂತಸಭೆ. ತುಂಬಿದ ಸಭೆಯಲ್ಲಿ ಹೆಣ್ಣುಮಗಳೊಬ್ಬಳು ಪ್ರಶ್ನೆ ಕೇಳಿದಳು. ಹಿರಿಯರು ತಲೆ ತಗ್ಗಿಸಿದರು. ಈಚೆಗೆ ಅದರ ಜತೆಯಲ್ಲಿ ಮತ್ತೊಂದು ಚಿತ್ರವೂ ಕಣ್ಣೆದುರು ನಿಲ್ಲುತ್ತದೆ. ಅದು 2013ರ ಮಳೆಗಾಲದಲ್ಲಿ ಒಡಿಶಾದ ನಿಯಮಗಿರಿ ಬೆಟ್ಟಸಾಲಿನಲ್ಲಿ ಸೇರಿದ ಹನ್ನೆರಡು ಗ್ರಾಮಸಭೆಗಳದು. ಅಲ್ಲಿ ಪ್ರಶ್ನೆ ಕೇಳಿದ್ದು ಸರಕಾರ. ತಲೆಯೆತ್ತಿ ಉತ್ತರ ಕೊಟ್ಟವರು ಬೆಟ್ಟದ ಜನ.

ಬೆಟ್ಟದ ನೆತ್ತಿಯಲ್ಲಿ 7 ಕೋಟಿ ಟನ್ನಿಗೂ ಹೆಚ್ಚು ಬಾಕ್ಸೈಟ್ ಅದಿರು ಇದೆಯೆಂದು ಅಂದಾಜು. ಅದನ್ನು ಅಗೆದು, ಬುಡದ ಲಾಂಜಿಗಢದಲ್ಲಿ ಅಲ್ಯೂಮಿನಾ ತಯಾರಿಸಬೇಕೆಂಬುದು ವೇದಾಂತ ಕಂಪನಿಯ ಸಂಕಲ್ಪ. (ಆ ಹೆಸರಿನ ವ್ಯಂಗ್ಯವನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.) ಗಣಿಗೆ ಕೊನೆಯ ಅಪ್ಪಣೆ ದೊರೆಯುವ ಮೊದಲೇ ಕಾರ್ಖಾನೆ ಎದ್ದು ನಿಂತಿತ್ತು. ಹೆಣ್ಣನ್ನು ಕೇಳುವ ಮೊದಲೇ ಚಪ್ಪರ ಹಾಕಿದ ಹಾಗೆ! ಇಷ್ಟು ಹಣ ಸುರಿದಾದ ಮೇಲೆ ಬೇಡವೆನ್ನಬಹುದೇ ಎಂಬ ವಾದಕ್ಕೆ ಇಂಥಲ್ಲಿ ತಾನಾಗಿಯೇ ಬಲ ಬರುತ್ತದೆ.

ಬೆಟ್ಟದಲ್ಲಿರುವವರು ಡೋಂಗ್ರಿಯಾ ಕೊಂಧರು. ಅವರಾಡುವ ಕುವಿ ನಮ್ಮ ಕನ್ನಡದಂತೆಯೇ ದ್ರಾವಿಡ ಕುಲದ ಭಾಷೆ. ಎಂ.ಎ. ತರಗತಿಯಲ್ಲಿ ನಾನು ಅದನ್ನು ಪರೀಕ್ಷೆಗೆಂದು ಉರು ಹೊಡೆದಿದ್ದೆನೇ ಹೊರತು, ಆ ನುಡಿಯಾಡುವ ಮನುಷ್ಯರಿದ್ದಾರೆಂದು ಯೋಚಿಸಿರಲಿಲ್ಲ. ಅವರ ಪಾಲಿಗೆ ಬೆಟ್ಟವು ನಿಯಮರಾಜನ ನೆಲೆ, ತೊರೆಗಳ ತವರು.

2010ರಲ್ಲಿ ಕೇಂದ್ರದ ಪರಿಸರ ಸಚಿವಾಲಯವು ಗಣಿಗೆ ಅನುಮತಿ ನಿರಾಕರಿಸಿತು. ರಾಜ್ಯದ ಗಣಿ ನಿಗಮವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2013ರ ಏಪ್ರಿಲ್ 18ರಂದು ನ್ಯಾಯಾಲಯವು, 2006ರ ಅರಣ್ಯ ಹಕ್ಕು ಕಾಯಿದೆಯನ್ನು ಮುಂದಿಟ್ಟುಕೊಂಡು, ಆ ಜನರ ಅರಣ್ಯದ ಹಕ್ಕು, ಪೂಜೆಯ ಹಕ್ಕುಗಳಿಗೆ ಗಣಿಯಿಂದ ಬಾಧೆಯುಂಟೇ ಎಂಬುದನ್ನು ಗ್ರಾಮಸಭೆಗಳೇ ವಿಚಾರಿಸಲೆಂದು ಆಜ್ಞಾಪಿಸಿತು. ಬೆಟ್ಟದಲ್ಲಿರುವ ಊರುಗಳು ನೂರಕ್ಕೂ ಹೆಚ್ಚು. ರಾಜ್ಯ ಸರಕಾರ ಆರಿಸಿದ್ದು ಹನ್ನೆರಡನ್ನು ಮಾತ್ರ. ಬುಡಕಟ್ಟು ವ್ಯವಹಾರಗಳ ಕೇಂದ್ರ ಸಚಿವಾಲಯವೇ ಇದಕ್ಕೆ ಆಕ್ಷೇಪಿಸಿದರೂ ಫಲವಾಗಲಿಲ್ಲ. ಹನ್ನೆರಡು ಊರುಗಳನ್ನು ಒಲಿಸಿಕೊಳ್ಳುವುದು ಸುಲಭವೆಂದು ಯಾರಾದರೂ ಎಣಿಸಿದ್ದರೆ ಅವರ ಲೆಕ್ಕ ತಪ್ಪಿತು. ಜುಲೈ 18ರಿಂದ ಆಗಸ್ಟ್ 19ರವರೆಗೆ, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯ ಎದುರಿನಲ್ಲಿ ನಡೆದ ಹನ್ನೆರಡೂ ಸಭೆಗಳು ಒಂದೇ ಮಾತು ಹೇಳಿದುವು: ಬೇಡ. 2014ರ ಜನವರಿಯಲ್ಲಿ ಕೇಂದ್ರವು ಅನುಮತಿಯನ್ನು ಪೂರ್ತಿಯಾಗಿ ತಿರಸ್ಕರಿಸಿತು. ಇನ್ನೊಮ್ಮೆ ಸಭೆ ಸೇರಿಸಬೇಕೆಂಬ ನಿಗಮದ ಅರ್ಜಿಯೂ 2016ರಲ್ಲಿ ಬಿದ್ದುಹೋಯಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಆ ‘ಬೇಡ’ಕ್ಕಿಂತ ಮಿಗಿಲಾಗಿ, ಅದು ನಡವಳಿ ಪುಸ್ತಕದಲ್ಲಿ ಅಕ್ಷರವಾಗಿ ಇಳಿಯಿತೆಂಬುದು. ಬೀದಿಯಲ್ಲಿ ಕೂಗಿದ ‘ಬೇಡ’ ಗಾಳಿಗೆ ಹೋಗುತ್ತದೆ. ಠರಾವಾದ ‘ಬೇಡ’ವನ್ನು ದೊಡ್ಡ ಕಂಪನಿಯೂ ದಾಟಲಾರದೆ ಹೋಯಿತು. ಆದರೆ ಆ ಪುಸ್ತಕವೆಂಬುದು ಎಂಥ ದುರ್ಬಲ ವಸ್ತು! ನನ್ನ ಹುಟ್ಟೂರಿನಲ್ಲಿ ಒಮ್ಮೆ ಅದು ನಮ್ಮ ಮನೆಯ ಜಗುಲಿಗೇ ಬಂದಿತ್ತು. ಸಭೆ ಎಂದು ನಡೆಯಿತೆಂದು ಕೇಳಿದೆ. “ನಡೆದ ಹಾಗೇ ಅಲ್ಲವೇ ಸ್ವಾಮಿ, ಇಲ್ಲೊಂದು ರುಜು ಹಾಕಿ” ಎಂದರು. ಮೇಲಿನ ಅರ್ಧ ಪುಟ ಖಾಲಿಯಿತ್ತು. ಮೇಷ್ಟರೆನಿಸಿಕೊಂಡ ನಾನು ರುಜು ಹಾಕಿದೆ.

ಲಾಂಜಿಗಢದ ಕಾರ್ಖಾನೆಯೇನೂ ಮುಚ್ಚಲಿಲ್ಲ; ಬೇರೆಡೆಯ ಅದಿರಿನಿಂದ ನಡೆಯುತ್ತ ಬಂದಿದೆ. 2023ರಲ್ಲಿ ಅದೇ ಸೀಮೆಯ ಸಿಜಿಮಾಲಿ ಬೆಟ್ಟದ ಬಾಕ್ಸೈಟ್ ಗಣಿಯು ಹರಾಜಿನಲ್ಲಿ ಅದೇ ಕಂಪನಿಯ ಪಾಲಾಯಿತು. ಅಲ್ಲಿನ ಗ್ರಾಮಸಭೆಗಳು ಒಪ್ಪಿವೆಯೆಂದು ಠರಾವುಗಳನ್ನು ತೋರಿಸಲಾಯಿತು. ಅವು ಸುಳ್ಳು, ಅಂಥ ಸಭೆಯೇ ನಡೆದಿಲ್ಲ, ನಾವು ಆಡದ ಮಾತು ನಮ್ಮ ಹೆಸರಿನಲ್ಲಿ ದಾಖಲಾಗಿದೆ ಎಂಬುದು ಹಳ್ಳಿಗರ ದೂರು. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ನಮ್ಮ ಜಗುಲಿಯ ಆ ಅರ್ಧ ಪುಟದ ನೆನಪಾಯಿತು. ಅದರಲ್ಲಿ ಆಮೇಲೆ ಏನನ್ನು ತುಂಬಿದರೋ, ನಾನು ಇಂದಿಗೂ ವಿಚಾರಿಸಿಲ್ಲ.