ರಾಜಕುಮಾರನಾದ್ರೆ ಮಾತ್ರ ಕಣ್ಣೀರಾ?



1695ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ 'ಒರೊನೊಕೊ' ಅನ್ನೋ ದುರಂತ ನಾಟಕ ಆಡಿದರು. ಬರೆದವನು ಥಾಮಸ್ ಸದರ್ನ್, ಮೂಲ ಕತೆ ಆಫ್ರಾ ಬೆನ್ ಎಂಬ ಲೇಖಕಿಯದು. ಆಫ್ರಿಕಾದ ರಾಜಕುಮಾರ ಒರೊನೊಕೊನನ್ನು ಹಡಗಿನ ಕ್ಯಾಪ್ಟನ್ ಮೋಸದಿಂದ ಹಿಡಿದು ಸುರಿನಾಮಿನಲ್ಲಿ ಮಾರ್ತಾನೆ. ಸತ್ತಳೆಂದುಕೊಂಡಿದ್ದ ಹೆಂಡತಿ ಇಮೊಯಿಂಡಾ ಅಲ್ಲೇ ಬೇರೆ ಹೆಸರಲ್ಲಿ ಗುಲಾಮಳಾಗಿ ಸಿಗ್ತಾಳೆ. ದಂಗೆ ಸೋಲುತ್ತೆ, ಇಬ್ಬರೂ ಸಾಯ್ತಾರೆ. ಲಂಡನ್ ದಶಕಗಟ್ಟಲೆ ಈ ನಾಟಕ ನೋಡಿ ಅತ್ತಿತು.

ಅತ್ತಿದ್ದು ಯಾರಿಗೆ ಅನ್ನೋದೇ ನನ್ನ ಪ್ರಶ್ನೆ.

ದಂಗೆ ಏಳೋಣ ಅಂತ ಸಂಗಾತಿ ಅಬೋವಾನ್ ಕೇಳಿದಾಗ ಒರೊನೊಕೊ ಮೊದಲು ಒಪ್ಪೋದೇ ಇಲ್ಲ. ಇವರು ದುಡ್ಡು ಕೊಟ್ಟು ಕೊಂಡಿದ್ದಾರೆ, ನಾವೂ ಹಿಂದೆ ಹೀಗೇ ಜನರನ್ನು ಕೊಂಡು ಮಾರಿದವರು ತಾನೇ ಅಂತಾನೆ. ತನ್ನ ಹುಟ್ಟಲಿರುವ ಮಗು ಗುಲಾಮನಾಗುತ್ತೆ, ಹೆಂಡತಿ ಮೇಲೆ ಗವರ್ನರ್ ಕಣ್ಣು ಬೀಳಬಹುದು ಅಂದಾಗಲೇ ರಕ್ತ ಕುದಿಯೋದು. ದಂಗೆ ಸೋತ ಮೇಲೆ, ಜೊತೆಗೆ ಬಂದವರನ್ನೇ ಹುಟ್ಟು ಗುಲಾಮರು ಅಂತ ಹೀಯಾಳಿಸ್ತಾನೆ. ನಾಟಕದ ಕಣ್ಣೀರು ರಾಜಕುಮಾರನಿಗೆ ಮೀಸಲು. ಬೆನ್ನ ಮೇಲೆ ಬಾಸುಂಡೆ ಹೊತ್ತ ಉಳಿದವರು ಬರೀ ಗುಂಪು.

ವೇಷದ ವಿಷಯವನ್ನೂ ನೋಡಿ. ಬೆನ್ ಕತೆಯಲ್ಲಿ ಇಮೊಯಿಂಡಾ ಕಪ್ಪು ಹೆಣ್ಣು. ಸದರ್ನ್ ಅವಳನ್ನು ಬಿಳಿಯಳನ್ನಾಗಿ ಮಾಡಿದ. ನಾಯಕನ ಪಾತ್ರಕ್ಕೆ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡ. ಅದೇ ನಾಟಕದಲ್ಲಿ ಷಾರ್ಲೆಟ್ ಅನ್ನೋ ಬಿಳಿ ಹೆಣ್ಣು ಗಂಡುವೇಷ ಹಾಕಿ ಶ್ರೀಮಂತ ವಿಧವೆಯನ್ನು ಯಾಮಾರಿಸಿ, ಕೊನೆಗೆ ವೇಷ ಕಳಚಿ ಸುಖವಾಗಿ ಮದುವೆಯಾಗ್ತಾಳೆ. ನಟ ಆಟ ಮುಗಿದ ಮೇಲೆ ಬಣ್ಣ ತೊಳೆದುಕೊಳ್ತಾನೆ. ಗುಲಾಮ ಏನನ್ನು ಕಳಚಬೇಕು? ಚರ್ಮವನ್ನಾ?

1749ರಲ್ಲಿ ಇದೇ ನಾಟಕ ನೋಡಲು ವಿಲಿಯಂ ಆನ್ಸಾ ಸೆಸ್ಸರಾಕೂ ಎಂಬ ಆಫ್ರಿಕಾದ ಯುವಕ ಬಂದಿದ್ದ. ಓದಿಸುವುದಾಗಿ ಕರೆದೊಯ್ದ ಕ್ಯಾಪ್ಟನ್ನೇ ಅವನನ್ನು ಬಾರ್ಬಡೋಸಿನಲ್ಲಿ ಮಾರಿದ್ದ. ನೋಡಲಾಗದೆ ಮಧ್ಯದಲ್ಲೇ ಎದ್ದುಹೋದ. ಅವನನ್ನು ಇಂಗ್ಲಿಷರು ಬಿಡಿಸಿದ್ದರು, ಯಾಕಂದ್ರೆ ಅವನಪ್ಪ ಅವರ ವ್ಯಾಪಾರಕ್ಕೆ ಬೇಕಾದ ದೊಡ್ಡ ಮನುಷ್ಯ. ಅಲ್ಲೇ ಉಳಿದ ಸಾವಿರಾರು ಜನರಿಗೆ ಅಂಥ ಅಪ್ಪಂದಿರಿರಲಿಲ್ಲ.

ಈ ನಾಟಕ ಪೂರ್ತಿ ವ್ಯರ್ಥ ಅಂತ ನಾನು ಹೇಳಲ್ಲ. 1788ರಲ್ಲಿ ಜಾನ್ ಫೆರಿಯರ್ ಇದನ್ನೇ ತಿದ್ದಿ ಗುಲಾಮಗಿರಿ ವಿರೋಧಕ್ಕೆ ಬಳಸಿದ. ಆದರೆ ಆ ಹಳೇ ಕಣ್ಣೀರು ನಮಗೂ ಗೊತ್ತು. ಹರಿಶ್ಚಂದ್ರ ಸುಡುಗಾಡು ಕಾಯ್ದಾಗ ಊರೆಲ್ಲ ಅಳುತ್ತೆ. ತಲೆಮಾರುಗಳಿಂದ ಅದೇ ಸುಡುಗಾಡು ಕಾಯೋ ನಮ್ಮವರಿಗೆ? ಇವತ್ತೂ ಅಷ್ಟೇ. ರ‍್ಯಾಂಕ್ ಬಂದ ದಲಿತ ಹುಡುಗನಿಗೆ ಅವಮಾನವಾದ್ರೆ "ಛೆ, ಅಂಥ ಪ್ರತಿಭಾವಂತನಿಗೆ ಹೀಗಾ?" ಅಂತಾರೆ. ಫೇಲಾದವನಿಗೆ ಆಗಬಹುದಾ ಹಾಗಾದ್ರೆ? ಮ್ಯಾನ್‌ಹೋಲಿಗೆ ಇಳಿದು ಸತ್ತವನ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಯಾವ ರಾಜಕುಮಾರನಿಗೂ ಅಲ್ಲ, ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಘನತೆಗೆ ಅರ್ಹತೆಯ ಸರ್ಟಿಫಿಕೇಟ್ ಬೇಕಿಲ್ಲ. ಗುಂಪಿನಲ್ಲಿ ನಿಂತವನಿಗಾಗಿ ಮಾತಾಡೋಣ.

ಜೈಭೀಮ್.