ಕಣ್ಣಿಗೂ ಬೇಕು ಪಥ್ಯ

ಕಳೆದ ಬೇಸಿಗೆ ರಜೆಯಲ್ಲಿ ಸಮೀಪದ ಹಳ್ಳಿಯ ಅಜ್ಜಿಯೊಬ್ಬರು ಹತ್ತು ವರ್ಷದ ಮೊಮ್ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. "ಬಾವಿ ನೀರು ಕಂಡ್ರ ಸಾಕು, ನಡುಗ್ತಾನ್ರೀ. ಏನರ ಗಾಳಿ ಬಡದೈತೇನೋ ನೋಡ್ರಿ" ಎಂಬುದು ಅವರ ಅಳಲು. ನೀರಿನ ಭಯವೆಂದೊಡನೆ ವೈದ್ಯರಿಗೆ ಮೊದಲು ನೆನಪಾಗುವುದು ಹುಚ್ಚುನಾಯಿಯ ಕಡಿತದಿಂದ ಬರುವ ಜಲತ್ರಾಸ. ಆದ್ದರಿಂದ ನಾಯಿ, ಬೆಕ್ಕು ಕಚ್ಚಿದ್ದುಂಟೇ ಎಂದು ವಿಚಾರಿಸಿದೆವು. ಅಂಥದ್ದೇನೂ ನಡೆದಿರಲಿಲ್ಲ; ಬಾಲಕನು ನಮ್ಮೆದುರಿನಲ್ಲೇ ಒಂದು ಲೋಟ ನೀರನ್ನು ಸರಾಗವಾಗಿ ಕುಡಿದನು. ಮೆಲ್ಲಗೆ ಮಾತನಾಡಿಸಿದಾಗ ನಿಜಾಂಶ ಹೊರಬಿದ್ದಿತು. ಶಾರ್ಕ್ ಮೀನು ಮನುಷ್ಯರನ್ನು ಸೀಳಿ ತಿನ್ನುವ ಚಲನಚಿತ್ರವೊಂದನ್ನು ಅವನು ಅಣ್ಣನ ಮೊಬೈಲಿನಲ್ಲಿ ನೋಡಿದ್ದನು. ಅಂದಿನಿಂದ ನಿದ್ರೆಯಲ್ಲಿ ಬೆಚ್ಚಿಬೀಳುತ್ತಿದ್ದನು. ತಂದೆ ಈಜು ಕಲಿಸಲು ಮೆಟ್ಟಿಲುಬಾವಿಗೆ ಕರೆದರೆ ಅತ್ತು ಓಡಿಹೋಗುತ್ತಿದ್ದನು.

ಕಡಲನ್ನೇ ಕಾಣದ ಬಾಲಕನಿಗೆ ಕಡಲಿನ ಮೀನಿನ ಭಯ! ಕೇಳಿದವರು ನಕ್ಕುಬಿಡಬಹುದು. ಆದರೆ ಈ ಭಯಕ್ಕೆ ವಯಸ್ಸಿನ, ದೇಶದ ಭೇದವಿಲ್ಲ. ಅದಕ್ಕೊಂದು ಇತಿಹಾಸವೂ ಉಂಟು.

ಅಮೆರಿಕದ ಲೇಖಕ ಪೀಟರ್ ಬೆಂಚ್ಲಿ 1974ರಲ್ಲಿ 'ಜಾಸ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಮರುವರ್ಷದ ಜೂನ್ ತಿಂಗಳಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶನದಲ್ಲಿ ಅದು ಚಲನಚಿತ್ರವಾಗಿ ತೆರೆಗೆ ಬಂದಿತು. ಅದನ್ನು ಕಂಡ ಅನೇಕರು ಕಡಲಿಗಿಳಿಯಲು ಹಿಂಜರಿದರು. ವಿಶೇಷವೇನೆಂದರೆ, ಆ ಚಿತ್ರದ ಬಹುಭಾಗದಲ್ಲಿ ಶಾರ್ಕ್ ಕಾಣಿಸುವುದೇ ಇಲ್ಲ. ಚಿತ್ರೀಕರಣಕ್ಕಾಗಿ ನಿರ್ಮಿಸಿದ್ದ ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಅನಿವಾರ್ಯವಾಗಿ ನಿರ್ದೇಶಕರು ನೀರಿನ ಮೇಲ್ಮೈಯನ್ನೂ ಎರಡೇ ಸ್ವರಗಳು ಮರಳಿ ಮರಳಿ ಬರುವ ಸಂಗೀತವನ್ನೂ ಆಶ್ರಯಿಸಿದರು. ಕಾಣದ ವಸ್ತುವಿಗೆ ಪ್ರೇಕ್ಷಕರ ಮನಸ್ಸೇ ರೂಪ ಕೊಟ್ಟಿತು. ಕೆಟ್ಟುನಿಂತ ಯಂತ್ರವೊಂದು ಕೋಟ್ಯಂತರ ಜನರನ್ನು ಹೆದರಿಸಿತು.

ಈ ಭಯ ಪೂರ್ಣ ನಿರಾಧಾರವೆಂದು ನಾವು ಹೇಳುವುದಿಲ್ಲ. 1916ರ ಜುಲೈ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶಾರ್ಕ್ ದಾಳಿಗೆ ನಾಲ್ವರು ಬಲಿಯಾದದ್ದು ದಾಖಲಾಗಿದೆ. ಆದರೆ ಭಯಕ್ಕೂ ಒಂದು ಪ್ರಮಾಣವಿರಬೇಕು. ಐನೂರಕ್ಕೂ ಹೆಚ್ಚು ಶಾರ್ಕ್ ಪ್ರಭೇದಗಳಲ್ಲಿ ಮನುಷ್ಯರಿಗೆ ಅಪಾಯ ತಂದವು ಬೆರಳೆಣಿಕೆಯವು. ತಾನಾಗಿ ಕೆಣಕದೆ ಶಾರ್ಕ್ ಕಡಿತಕ್ಕೀಡಾದವರು ಜಗತ್ತಿನಲ್ಲೆಲ್ಲ ವರ್ಷಕ್ಕೆ ಸುಮಾರು 60ರಿಂದ 70 ಮಂದಿ. ಅವರಲ್ಲಿ ಮೃತಪಡುವವರು ಸರಾಸರಿ ಐದಾರು ಮಂದಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರ ಒಂದೇ ವರ್ಷದಲ್ಲಿ ನೀರಿನಲ್ಲಿ ಮುಳುಗಿ ಅಸುನೀಗಿದವರು ಸುಮಾರು 3 ಲಕ್ಷ. ಅವರಲ್ಲಿ ಮಕ್ಕಳು ಬಹಳ. ಕೊಲ್ಲುವುದು ಮೀನಲ್ಲ, ಈಜು ಬಾರದಿರುವುದು ಮತ್ತು ಕಾವಲಿಲ್ಲದ ನೀರು. ನಮ್ಮ ಬಾಲಕನ ಹೊಲದಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡವಿತ್ತು. ಅದಕ್ಕೆ ಬೇಲಿಯಿರಲಿಲ್ಲ. ಜಾರಿಬಿದ್ದವರಿಗೆ ಹಿಡಿದು ಮೇಲೇರಲು ಆಸರೆಯೂ ಇಲ್ಲದ ಆ ಹೊಂಡದ ಬಗ್ಗೆ ಮನೆಯವರಾರಿಗೂ ಭಯವಿರಲಿಲ್ಲ! ಸುಳ್ಳು ಭಯದ ನಿಜವಾದ ಹಾನಿ ಇದೇ: ಅದು ಈಜು ಕಲಿಯಲು ಬಿಡದು, ನಿಜವಾದ ಅಪಾಯದ ಕಡೆಗೆ ನೋಡಲೂ ಬಿಡದು.

ಇಂದ್ರಿಯಗಳ ಬಳಕೆಯ ಬಗ್ಗೆ ಆಯುರ್ವೇದವು ಬಹು ಹಿಂದೆಯೇ ಚಿಂತಿಸಿದೆ. ಇಂದ್ರಿಯ ವಿಷಯಗಳ ಅತಿಯಾದ, ಅತ್ಯಲ್ಪವಾದ ಮತ್ತು ತಪ್ಪಾದ ಬಳಕೆ ರೋಗಕ್ಕೆ ಕಾರಣವೆಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಭಯಂಕರವೂ ಬೀಭತ್ಸವೂ ವಿಕೃತವೂ ಆದ ರೂಪಗಳನ್ನು ನೋಡುವುದನ್ನು ಅದು ಕಣ್ಣಿನ ಮಿಥ್ಯಾಯೋಗವೆಂದು ಎಣಿಸಿದೆ. ಭಯದಿಂದ ವಾತವು ಪ್ರಕೋಪಗೊಳ್ಳುತ್ತದೆ; ಭಯದಿಂದ ಅತಿಸಾರವೂ ಜ್ವರವೂ ಬರಬಹುದೆಂದು ನಮ್ಮ ಗ್ರಂಥಗಳು ಗುರುತಿಸಿವೆ. ನೋಡಿದ ವಸ್ತು ಸುಳ್ಳಾದರೂ ನಡುಗಿದ ದೇಹ ಸುಳ್ಳಲ್ಲ.

"ಹುಡುಗರು ಗಟ್ಟಿಯಾಗಲಿ, ನೋಡಲಿ ಬಿಡಿ" ಎನ್ನುವ ಹಿರಿಯರೂ ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಜ್ವರ ಬಿಟ್ಟ ಮಗುವಿಗೆ ಕರಿದ ತಿಂಡಿ ಕೊಡಲು ಹತ್ತು ಬಾರಿ ಯೋಚಿಸುವ ನಾವು, ಅದೇ ಮಗುವಿನ ಕೈಗೆ ರಾತ್ರಿ ಮೊಬೈಲು ಕೊಡುವಾಗ ಒಮ್ಮೆಯಾದರೂ ಯೋಚಿಸುತ್ತೇವೆಯೇ? ಚಲನಚಿತ್ರಗಳನ್ನು ನಿಷೇಧಿಸಬೇಕೆಂಬುದು ನಮ್ಮ ವಾದವಲ್ಲ. ಹೊಟ್ಟೆಗೆ ಪಥ್ಯವಿರುವಂತೆ ಕಣ್ಣಿಗೂ ಕಿವಿಗೂ ವಯೋಮಾನಕ್ಕೆ ತಕ್ಕ ಪಥ್ಯವಿರಬೇಕು. ಎಳೆಯರಿಗೆ ತೆರೆಯ ಮೇಲಿನದಕ್ಕೂ ನಿಜಕ್ಕೂ ಇರುವ ಅಂತರ ಪೂರ್ಣವಾಗಿ ತಿಳಿಯದು. ಮಲಗುವ ಮುನ್ನ ಭೀಕರ ದೃಶ್ಯಗಳನ್ನು ಮಕ್ಕಳಿಗೆ ತೋರಿಸಲೇಬಾರದು. ದೊಡ್ಡ ಮಕ್ಕಳು ನೋಡುವುದಾದರೆ ಹಿರಿಯರೊಬ್ಬರು ಜೊತೆಯಲ್ಲಿರಬೇಕು.

ಈಗಾಗಲೇ ಹೆದರಿದ ಮಗುವಿಗೆ ಏನು ಮಾಡಬೇಕು? ಗದರಿಸಬಾರದು, ಹಾಸ್ಯ ಮಾಡಬಾರದು, ಬಲವಂತವಾಗಿ ನೀರಿಗೆ ನೂಕಲಂತೂ ಕೂಡದು. ಮನಸ್ಸಿನ ರೋಗಗಳಿಗೆ ಜ್ಞಾನ, ಧೈರ್ಯ, ಸ್ಮೃತಿ ಮೊದಲಾದವನ್ನೇ ಚರಕರು ಔಷಧವೆಂದಿದ್ದಾರೆ. ನಾವು ಆ ಬಾಲಕನಿಗೆ ಯಂತ್ರದ ಶಾರ್ಕ್ ಕೆಟ್ಟುನಿಂತ ಕಥೆಯನ್ನು ಹೇಳಿದೆವು. ಮೊದಲ ಬಾರಿಗೆ ಅವನು ನಕ್ಕನು. 'ಜಾಸ್' ಬರೆದ ಬೆಂಚ್ಲಿಯವರೇ ಮುಂದೆ ಶಾರ್ಕುಗಳ ನಿಜಸ್ವಭಾವವನ್ನರಿತು, ಅಂಥ ಕಥೆಯನ್ನು ಈಗ ಬರೆಯಲಾರೆನೆಂದು ಪಶ್ಚಾತ್ತಾಪಪಟ್ಟು, ಸಮುದ್ರಜೀವಿಗಳ ರಕ್ಷಣೆಗಾಗಿ ದುಡಿದರೆಂಬುದನ್ನೂ ತಿಳಿಸಿದೆವು. ರಾತ್ರಿ ಪಾದಗಳಿಗೆ ಎಳ್ಳೆಣ್ಣೆ ತಿಕ್ಕಿ, ಹಿತವಾದ ಕಥೆ ಹೇಳಿ ಮಲಗಿಸಲು ಅಜ್ಜಿಗೆ ಸೂಚಿಸಿದೆವು. ತಂದೆಗೆ ಹೇಳಿದ್ದು ಎರಡು ಮಾತು: ಮೊದಲು ಹೊಂಡಕ್ಕೆ ಬೇಲಿ ಹಾಕಿಸಿರಿ, ಆಮೇಲೆ ಬಾವಿಯಲ್ಲಿ ದಿನಕ್ಕೊಂದು ಮೆಟ್ಟಿಲಿನಂತೆ, ಅವನ ಕೈಹಿಡಿದು ಇಳಿಸಿರಿ. ಇಷ್ಟಾದರೂ ಭಯ ತಿಂಗಳುಗಟ್ಟಲೆ ಉಳಿದು, ನಿದ್ರೆಯೂ ಶಾಲೆಯೂ ಕೆಟ್ಟರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡವೆಂದೂ ಹೇಳಿದೆವು.

ಆ ಪ್ರಮೇಯ ಬರಲಿಲ್ಲ. ಶಾಲೆ ತೆರೆಯುವ ಮುನ್ನ ಬಾಲಕ ಅಜ್ಜಿಯೊಡನೆ ಮತ್ತೆ ಬಂದನು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯ ಆ ದಂಡೆಯಿಂದ ಈ ದಂಡೆಗೆ ಈಜುತ್ತಿರುವನೆಂದು ಅಜ್ಜಿ ಹಿಗ್ಗಿನಿಂದ ಹೇಳಿದರು. "ಹೊಂಡದಾಗ ಶಾರ್ಕ್ ಇಲ್ಲೇನಪ್ಪಾ?" ಎಂದು ಕೇಳಿದೆವು. "ಇಲ್ರೀ. ಆದ್ರ ಅಲ್ಲಿ ಜಾರತೈತ್ರಿ, ಬೇಲಿ ದಾಟಂಗಿಲ್ರಿ" ಎಂದನು. ನಮ್ಮ ಮಕ್ಕಳಲ್ಲಿ ಉಳಿಯಬೇಕಾದ ಭಯ ಇಷ್ಟೇ.