ಗಡಿನಾಡಿನ ಪ್ರೇಮಕಥೆಯಲ್ಲಿ ಗಡಿನಾಡಿನವರೇ ಇಲ್ಲ!

ಗಾಂಧಿನಗರದ ಮಹಾಶಯರಿಗೆ ಗಡಿ ಎಂದರೆ ಏನು ಗೊತ್ತೇ? ಶತ್ರುವಿನ ಕುದುರೆ ಧೂಳೆಬ್ಬಿಸಿಕೊಂಡು ಬರುವ ಬಯಲು. ಇತ್ತ ನಮ್ಮ ರಾಜ, ಅತ್ತ ಅವರ ಸೈನ್ಯ, ನಡುವೆ ಉದ್ಯಾನದಲ್ಲಿ ಹಾಡುವ ರಾಜಕುಮಾರಿ. ಆ ಬಯಲಿನಲ್ಲಿ ಮನೆ ಕಟ್ಟಿಕೊಂಡು ಬದುಕುವವರು? ಅವರು ಜಯಕಾರ ಹಾಕಲು ಮಾತ್ರ!

1961ರ ‘ಕಿತ್ತೂರು ಚೆನ್ನಮ್ಮ’ ದೊಡ್ಡ ಚಿತ್ರ, ಎರಡು ಮಾತಿಲ್ಲ. ಪಂತುಲು, ಸರೋಜಾದೇವಿ, ರಾಜಕುಮಾರ್ ನಮ್ಮ ಹೆಮ್ಮೆ. ಆದರೆ ಬೆಳಗಾವಿ ಪಕ್ಕದ ಕಾಕತಿಯಲ್ಲಿ ಹುಟ್ಟಿದ ರಾಣಿ ಅದರಲ್ಲಿ ಆಡುವುದು ಪುಸ್ತಕದ ಕನ್ನಡ. ಆಗಿನ ರೂಢಿ, ಇರಲಿ. ಅರವತ್ತು ವರ್ಷ ಕಳೆದರೂ ಅದೇ ರೂಢಿಯೇ? 1997ರಲ್ಲಿ ನಾಗಾಭರಣರ ‘ನಾಗಮಂಡಲ’ ಉತ್ತರದ ಮಾತಿನಲ್ಲೇ ಪ್ರೀತಿ, ಸಂಶಯ, ನೋವು ಎಲ್ಲವನ್ನೂ ಹೇಳಿ ತೋರಿಸಿತು. ಚಪ್ಪಾಳೆ ತಟ್ಟಿದ ಉದ್ಯಮ ಆ ಮಾತನ್ನು ಮತ್ತೆ ಹಾಸ್ಯನಟನ ಬಾಯಿಗೋ ರೌಡಿಯ ಬಾಯಿಗೋ ವಾಪಸು ಕೊಟ್ಟಿತು. ‘ಏನ್ರಿ, ಹೆಂಗದೀರಿ’ ಎಂದರೆ ಬೆಂಗಳೂರಿನ ಥಿಯೇಟರಿನಲ್ಲಿ ನಗು. ನಕ್ಕವರಲ್ಲಿ ನೀವೂ ಇದ್ದಿರಿ, ಗೆಳೆಯರೇ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಒಮ್ಮೆ ಸುತ್ತಿ ಬನ್ನಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಎಷ್ಟೋ ಕಡೆ ಉಲ್ಟಾ. ಮಗ್ಗುಲ ಮನೆಯಲ್ಲಿ ಉರ್ದು. ಶೇಡಬಾಳದಲ್ಲಿ ಜೈನ ರೈತರು. ಅಥಣಿಯ ಸಮಗಾರರು ಹೊಲಿದ ಚಪ್ಪಲಿ ಕೊಲ್ಹಾಪುರದ ಹೆಸರಿನಲ್ಲಿ ಲೋಕ ಸುತ್ತುತ್ತದೆ. ಅದರ ಭೌಗೋಳಿಕ ಗುರುತಿನಲ್ಲಿ ಎರಡೂ ರಾಜ್ಯಗಳಿಗೆ ಪಾಲಿದೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರಿದ ಮೇಲೆ ಯಾರು ಯಾವ ರಾಜ್ಯದವರೆಂದು ಹೇಳಿ ನೋಡೋಣ! ಪ್ರೇಮಕಥೆಗೆ ಇನ್ನೆಂಥ ಸೆಟ್ಟು ಬೇಕು ಸ್ವಾಮಿ?

ಇನ್ನು ಇತಿಹಾಸ. 1981ರಲ್ಲಿ ನಿಪ್ಪಾಣಿಯಲ್ಲಿ ತಂಬಾಕಿನ ಬೆಲೆಗಾಗಿ ರಸ್ತೆಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಹೆಣಗಳು ಬಿದ್ದವು. ಅದೇ ಕಾಲದಲ್ಲಿ ತಂಬಾಕಿನ ಘಾಟಿನಲ್ಲಿ ಕೆಮ್ಮುತ್ತ ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿ ಮಾಲೀಕರನ್ನು ಎದುರಿಸಿದರು. ಆ ಹೆಂಗಸರನ್ನು ಪರದೆಗೆ ತಂದವರು ದೀಪಾ ಧನರಾಜ್ ಮತ್ತು ಯುಗಾಂತರ್ ತಂಡ, 1982ರ ಸಾಕ್ಷ್ಯಚಿತ್ರದಲ್ಲಿ. ಅದರ ಹೆಸರು ಮರಾಠಿ: ‘ತಂಬಾಕು ಚಾಕಿಲ ಊಬ ಆಲಿ’. ನಮ್ಮ ದೊಡ್ಡ ಬ್ಯಾನರುಗಳು ಆಗ ಎಲ್ಲಿದ್ದವು? ‘ನಿಪ್ಪಾಣಿ ನಮ್ಮದು’ ಎಂದು ಗೋಡೆಗೋಡೆಗೆ ಬರೆದವರಿಗೆ ಆ ಹೆಂಗಸರು ನಮ್ಮವರು ಅನ್ನಿಸಲಿಲ್ಲವೇ? ಮರಾಠಿ ಆಡುತ್ತಾರೆಂದೇ? ಹಾಗಾದರೆ ನೆಲ ಬೇಕು, ನೆಲದ ಮೇಲಿರುವವರು ಬೇಡ!

ನಾಗರಾಜ ಮಂಜುಳೆ ತನ್ನ ಕರಮಾಳ ಸೀಮೆಯ ಹಳ್ಳಿ ಮಾತಿನಲ್ಲೇ 2016ರಲ್ಲಿ ‘ಸೈರಾಟ್’ ಮಾಡಿದರು. ಪುಣೆಯ ಶುದ್ಧ ಮರಾಠಿಗೆ ಕೈಮುಗಿದು ಅಪ್ಪಣೆ ಕೇಳಲಿಲ್ಲ. ಮರುವರ್ಷವೇ ನಾವು ಅದನ್ನು ‘ಮನಸು ಮಲ್ಲಿಗೆ’ ಮಾಡಿಕೊಂಡೆವು. ಕರಮಾಳದ ಪ್ರೇಮ ಕೊಳ್ಳಲು ದುಡ್ಡಿದೆ, ಚಿಕ್ಕೋಡಿಯ ಪ್ರೇಮಕ್ಕೆ ಇಲ್ಲ!

ಮುಂದಿನ ಐತಿಹಾಸಿಕ ಚಿತ್ರದ ಕಟೌಟಿಗೆ ಹಾಲು ಸುರಿಯುವ ಮೊದಲು ನಿರ್ಮಾಪಕರಿಗೆ ಒಂದು ಕಾಗದ ಬರೆಯಿರಿ. ಗಡಿ ತಾಲೂಕಿನ ಕಲಾವಿದರು ಎಷ್ಟು ಜನ? ಸಂಭಾಷಣೆ ಬರೆದವರು ಯಾವ ಊರಿನವರು? ಉತ್ತರ ಬರದಿದ್ದರೆ ಟಿಕೆಟ್ಟಿನ ದುಡ್ಡು ಜೇಬಿನಲ್ಲೇ ಇರಲಿ.